ಡಬಗಳ್ಳಿ ಹಣ್ಣಿನ ಕೆಂಪು

ಹುಲಗೂರಿನ ಮಹಿಳಾ ಸಂಘದವರು ಕಾಡುಹಣ್ಣುಗಳ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಬೇಲಿಯಲ್ಲಿ ಬೆಳೆಯುವ ಡಬಗಳ್ಳಿ, ಅಂದರೆ ಪಾಪಾಸುಕಳ್ಳಿಯ ಹಣ್ಣಿನ ಕೆಂಪು ಬಣ್ಣವೇ ನಮ್ಮ ಜೀವಕೋಶಗಳನ್ನು ಕಾಯುತ್ತದೆ ಎಂದು ವಿವರಿಸಿದೆ. ಮುಳ್ಳು ಸುಟ್ಟು ಸುಲಿದ ಹಣ್ಣುಗಳನ್ನು ಅವರೊಂದಿಗೆ ನಾನೂ ಹೊಟ್ಟೆತುಂಬ ತಿಂದೆ.

ಸಂಜೆ ಹಾನಗಲ್ಲಿನ ಮನೆಗೆ ಬಂದು ಬಚ್ಚಲಿಗೆ ಹೋದರೆ ಮೂತ್ರ ಕೆಂಪಗಿತ್ತು. ನನಗೆ ಮೊದಲೇ ಸಕ್ಕರೆ ಕಾಯಿಲೆ. ಪ್ರತಿ ತಪಾಸಣೆಯನ್ನೂ ಬರೆದಿಟ್ಟವಳು. ಮೂತ್ರಪಿಂಡ ಕೈಕೊಟ್ಟಿತೆಂದುಕೊಂಡೆ. ಫೈಲು ಹಿಡಿದು ದವಾಖಾನೆಗೆ ಓಡಿದೆ.

ಮಗಳ ವಯಸ್ಸಿನ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, "ರಕ್ತ ಇಲ್ಲರಿ. ನಾಲಿಗಿ ತೋರಸ್ರಿ," ಎಂದಳು. ತೋರಿಸಿದೆ. ನಕ್ಕುಬಿಟ್ಟಳು.

"ಡಬಗಳ್ಳಿ ಹಣ್ಣ ತಿಂದೀರಿ, ಹೌದಿಲ್ರಿ? ಆ ಬಣ್ಣ ಕೆಲವರಿಗೆ ಹಂಗ ಹೊರಗ ಬರ್ತೈತ್ರಿ. ಭಾಳ ಒಳ್ಳೇ ಹಣ್ಣು. ಅದರಾಗ ಏನೇನ ಐತಿ ಹೇಳ್ಲೇನ್ರಿ?"

"ಬ್ಯಾಡವ್ವ, ಗೊತ್ತೈತಿ," ಎಂದೆ. ಹೋದ ಜೀವ ಬಂದಂತಾಗಿತ್ತು.

ಹೊರಗೆ ಬರುವಷ್ಟರಲ್ಲಿ ಸಂಘದ ಅಧ್ಯಕ್ಷೆಯ ಫೋನು. "ಅಕ್ಕಾರ, ನಮ್ಮಾಗ ಇಬ್ಬರಿಗೆ ಉಚ್ಚಿ ಕೆಂಪ ಹೊಂಟೈತ್ರಿ! ಮನ್ಯಾಗ ಗಂಡಸ್ರು ನಿಮ್ಮನ್ನ ಬೈಯಾಕತ್ತಾರ!"

ದವಾಖಾನೆಯ ಮೆಟ್ಟಿಲ ಮೇಲೆ ನಿಂತೇ ಗಟ್ಟಿಯಾಗಿ ಹೇಳಿದೆ: "ಹಣ್ಣಿನ ಬಣ್ಣರಿ ಅದು. ಇಷ್ಟಕ್ಕೆಲ್ಲ ಯಾರರ ದವಾಖಾನಿಗೆ ಓಡ್ತಾರೇನು?"