ಉಡುವವನಿಲ್ಲದ ಬಟ್ಟೆ

ಗಂಡ ಕಾಣೆಯಾದ ಮೇಲೆ ಅವನ ಬಟ್ಟೆಗಳನ್ನು ತಿಂಗಳಿಗೊಮ್ಮೆ ಒಗೆದು ಒಣಗಿಸುವುದು ಕಮಲಾವತಿಯ ಪಾಲಿಗೆ ಬಂದ ಕೆಲಸ. ಅತ್ತೆ ಪೂವಕ್ಕ ಮಾಡಿದ ಕಟ್ಟಳೆ ಅದು. ಪೆಟ್ಟಿಗೆಯೊಳಗೇ ಬಿಟ್ಟರೆ ಬಟ್ಟೆ ಮುಗ್ಗಲು ವಾಸನೆ ಹಿಡಿಯುತ್ತದೆ, ಮಗ ಯಾವ ಗಳಿಗೆಯಲ್ಲಿ ಬಂದಾನೋ, ಬಂದವನಿಗೆ ಅಂಥ ಅಂಗಿ ಕೊಡುವುದುಂಟೇ ಎಂದು ಅವರ ವಾದ. ಹಾಗಾಗಿ ಯಾರೂ ತೊಡದ ಅಂಗಿ, ಯಾರೂ ಉಡದ ಮುಂಡು ತಿಂಗಳು ತಿಂಗಳು ಕಲ್ಲಿನ ಮೇಲೆ ಬೀಳುತ್ತಿದ್ದವು. ಬೆವರಿಲ್ಲದ ಬಟ್ಟೆಯಿಂದ ಕೊಳೆ ಬಿಡುವುದಾದರೂ ಎಂತದ್ದು? ನೀರು ಹಾಕಿದಷ್ಟೇ ತಿಳಿಯಾಗಿ ಹರಿದುಹೋಗುತ್ತಿತ್ತು.

ಕುಶಾಲಪ್ಪ ಮರದ ಲಾರಿಯಲ್ಲಿ ಲೋಡಿಂಗಿಗೆ ಹೋಗುತ್ತಿದ್ದವನು. ಎಪ್ಪತ್ತಾರನೇ ಇಸವಿಯಲ್ಲಿ ಜಾಲ್ಸೂರಿನಿಂದ ಹೊರಟ ಲಾರಿ ಕಾಸರಗೋಡಿನ ಹತ್ತಿರ ಚಹಾಕ್ಕೆ ನಿಂತಿತು. ‘ಈಗ ಬಂದೆ’ ಎಂದು ಹೇಳಿ ರಸ್ತೆ ದಾಟಿದವನು ಮತ್ತೆ ಲಾರಿ ಹತ್ತಲಿಲ್ಲ. ಡ್ರೈವರ್ ಮೂಸಕುಂಞಿ ಸಂಜೆಯವರೆಗೆ ಕಾದು, ಅಂಗಡಿ ಅಂಗಡಿ ವಿಚಾರಿಸಿ, ಕೊನೆಗೆ ಇವರ ಅಂಗಳದಲ್ಲಿ ಬಂದು ನಿಂತು ತಾನೇ ಅತ್ತುಬಿಟ್ಟ. ಕುಶಾಲಪ್ಪನ ಅಣ್ಣ ಅಚ್ಚುತ ಪೊಲೀಸಿಗೆ ದೂರು ಕೊಟ್ಟ, ಆಸ್ಪತ್ರೆಗಳನ್ನು ಸುತ್ತಿದ. ಎಲ್ಲಿಯೂ ಸುಳಿವಿಲ್ಲ. ಗಡಿಯಾಚೆಯ ಜೋಯಿಸರೊಬ್ಬರು ಕವಡೆ ಹಾಕಿ ನೋಡಿ, ಜೀವ ಉಂಟು, ದಕ್ಷಿಣ ದಿಕ್ಕಿನಲ್ಲಿ ಉಂಟು ಎಂದರು. ಪೂವಕ್ಕ ಆ ಒಂದು ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಂದಿನಿಂದ ದಕ್ಷಿಣದ ಬಾಗಿಲು ಹಗಲು ಹೊತ್ತು ಮುಚ್ಚಿದ್ದಿಲ್ಲ.

ಆಗ ಕಮಲಾವತಿಗೆ ಇಪ್ಪತ್ತಾರು. ಮಕ್ಕಳಿಲ್ಲ. ಮದುವೆ ಮನೆಗಳಲ್ಲಿ ಅರಸಿನ ಕುಂಕುಮದ ತಟ್ಟೆ ಹಿಡಿದುಬಂದವರು ಅವಳ ಮುಂದೆ ಬಂದಾಗ ಒಂದು ಕ್ಷಣ ತಡೆಯುತ್ತಿದ್ದರು. ಆಮೇಲೆ ಕೊಡುತ್ತಿದ್ದರು. ಆ ಒಂದು ಕ್ಷಣ ಸಾಕಾಗಿ ಅವಳು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ಮನೆಯಲ್ಲಿ ಕೂತು ನೆರೆಹೊರೆಯ ಬಾಣಂತಿಯರು ಕಳಿಸಿದ ಹಳೆ ಸೀರೆಗಳನ್ನು ಪದರ ಪದರ ಮಡಿಸಿ ಮಕ್ಕಳಿಗೆ ಹೊದಿಕೆ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಇರುವೆ ಸಾಲಿನಂತೆ ನೇರ. ಅದನ್ನು ನೋಡಿಯೇ ಎಂಬತ್ತನಾಲ್ಕರ ಬೇಸಿಗೆಯಲ್ಲಿ ಮಹಿಳಾ ಮಂಡಲದ ಲೋಲಾಕ್ಷಿ ಟೀಚರ್ ಮನೆಗೆ ಬಂದದ್ದು.

“ಪುತ್ತೂರಿನಲ್ಲಿ ಹೊದಿಕೆ ಹೊಲಿಯುವ ಶಿಬಿರ ಉಂಟು ಕಮಲಕ್ಕ. ಹತ್ತು ದಿನ ಶಾಲೆಯಲ್ಲೇ ಉಳಿಯುದು. ಊಟ ಅವರದ್ದೇ. ನೀವು ಬರ್ಲೇಬೇಕು.”

“ಎಂತೆಲ್ಲ ತರ್ಬೇಕು ಟೀಚರ್?”

“ಚಾಪೆ, ಬಟ್ಟಲು, ಲೋಟ. ಸೂಜಿ ನಿಮ್ಮದೇ ತನ್ನಿ, ಕೈಗೆ ಪಳಗಿದ್ದು ಆಗ್ಬೇಕಲ್ಲ. ಮತ್ತೆ ಹಳೆ ಬಟ್ಟೆ. ಉಟ್ಟು ಉಟ್ಟು ಮೆತ್ತಗಾದದ್ದು, ದೊಡ್ಡ ಹೊದಿಕೆಗೆ ಸಾಕಾಗುವಷ್ಟು. ಬೇರೆಯವರದ್ದು ಬೇಡ, ನಿಮ್ಮ ಮನೆಯದ್ದೇ ಇರ್ಲಿ. ಹೊದಿಕೆ ಮತ್ತೆ ನಿಮಗೇ.”

ಪೂವಕ್ಕ ಬೇಡವೆನ್ನಲಿಲ್ಲ. ಎಂಟು ವರ್ಷದಿಂದ ಸೊಸೆ ಒಂದು ರಾತ್ರಿ ಹೊರಗೆ ಮಲಗಿದವಳಲ್ಲ, ಹೋಗಿ ಬರಲಿ ಎಂದರು. ಆದರೆ ಹೊರಡುವ ತಯಾರಿಯಲ್ಲಿ ಕಮಲಾವತಿ ಸಿಕ್ಕಿಬಿದ್ದದ್ದು ಹಳೆ ಬಟ್ಟೆಯ ವಿಷಯದಲ್ಲಿ. ಅವಳ ಸೀರೆಗಳೆಲ್ಲ ಮೈಮೇಲೆ ಓಡಾಡುವಂಥವು. ಅತ್ತೆಯದ್ದೂ ಅಷ್ಟೇ. ಮನೆಯಲ್ಲಿ ಸುಮ್ಮನೆ ಬಿದ್ದಿರುವ ಬಟ್ಟೆ ಎಂದರೆ ಪೆಟ್ಟಿಗೆಯಲ್ಲಿದ್ದದ್ದು ಮಾತ್ರ.

“ಅವರದ್ದು ಎರಡು ಮುಂಡು ತೆಕ್ಕೊಳ್ಳಲಾ ಅತ್ತೆ?”

ಅಕ್ಕಿ ಗೇರುತ್ತಿದ್ದ ಪೂವಕ್ಕ ತಡಪೆ ಕೆಳಗಿಟ್ಟರು. “ಯಾರದ್ದು?”

ಕಮಲಾವತಿ ಸೂಜಿ ನೂಲು ಹುಡುಕಲು ಒಳಗೆ ಹೋದಳು.

ಹೊರಡುವ ದಿನ ಬೆಳಿಗ್ಗೆ ಅತ್ತೆ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಾಗ ಅವಳು ಪೆಟ್ಟಿಗೆ ತೆರೆದಳು. ಎರಡೇ ಮುಂಡು ಎಂದುಕೊಂಡವಳ ಕೈ ನಿಲ್ಲಲಿಲ್ಲ. ಮುಂಡುಗಳು, ನೀಲಿ ಚೌಕುಳಿಯ ಲುಂಗಿ, ಬೀಡಿಯ ಕಿಡಿ ಬಿದ್ದು ತೂತಾದ ಬಿಳಿ ಅಂಗಿ, ಮದುವೆಯ ವರ್ಷ ಸುಳ್ಯದಲ್ಲಿ ಹೊಲಿಸಿದ್ದ ನೀಲಿ ಅಂಗಿ, ಒಂದೊಂದಾಗಿ ಚೀಲಕ್ಕೆ ಹೋದವು. ಇನ್ನು ಒಗೆಯಲಾರೆ ಎಂದು ಅವಳಿಗೆ ಆಗಲೇ ಸ್ಪಷ್ಟವಾದದ್ದು. ಕೊನೆಗೆ ಒಂದು ಅಂಗಿ, ಒಂದು ಮುಂಡು ಪೆಟ್ಟಿಗೆಯಲ್ಲಿ ಬಿಟ್ಟಳು. ಒಂದು ವೇಳೆ ಬಂದರೆ ಉಡಲಿಕ್ಕೆ ಬೇಕಲ್ಲ. ಬಟ್ಟಲನ್ನು ಬಟ್ಟೆಯ ಮೇಲಿಟ್ಟು, ಚಾಪೆ ಸುತ್ತಿ, ಹಟ್ಟಿಯ ಬಾಗಿಲಲ್ಲಿ ನಿಂತು, “ಹೋಗಿ ಬರ್ತೇನೆ ಅತ್ತೆ” ಎಂದಳು. ಕಣ್ಣು ಮಂಜಾಗಿದ್ದ ಪೂವಕ್ಕನಿಗೆ ಚೀಲದ ಗಾತ್ರ ತಿಳಿಯಲಿಲ್ಲ.

ಪುತ್ತೂರಿನ ಶಾಲೆಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ ನೆಲ ಖಾಲಿ ಮಾಡಿದ್ದರು. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರದ್ದಾದ ಮೇಲೆ ಇನ್ನೊಬ್ಬರ ಹೊದಿಕೆಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರಬೇಕು. ಕಮಲಾವತಿಗೆ ಜೊತೆಯಾದದ್ದು ಆಲಂಕಾರಿನ ಊರ್ಮಿಳಾ, ಮಾತಿನ ಮಲ್ಲಿ. ತೀರಿಹೋದ ತಾಯಿಯ ಸೀರೆಗಳನ್ನು ತಂದಿದ್ದ ಅವಳು, ಕಮಲಾವತಿ ಬಿಳಿ ಅಂಗಿಯ ಬೆನ್ನಿಗೆ ಕತ್ತರಿ ಹಾಕುವಾಗ ಕೇಳಿದಳು.

“ನಿಮ್ಮದೆಲ್ಲ ಗಂಡಸಿನ ಬಟ್ಟೆ ಮಾರಾಯ್ರೆ. ಯಾರದ್ದು?”

ತನ್ನ ಕತ್ತಿನಲ್ಲಿ ಕರಿಮಣಿ ಇತ್ತು, ಹಣೆಯಲ್ಲಿ ಕುಂಕುಮವಿತ್ತು. ಕಮಲಾವತಿಯ ಬಾಯಿಂದ ಬಂದದ್ದು, “ಅಣ್ಣನದ್ದು. ತೀರಿಕೊಂಡ.”

ಅವಳಿಗೆ ಅಣ್ಣನೇ ಇರಲಿಲ್ಲ. ಊರ್ಮಿಳಾ ಸೂಜಿ ಬಿಟ್ಟು ಅವಳ ಕೈ ಹಿಡಿದಳು. “ಅಯ್ಯೋ ದೇವರೇ, ಸಣ್ಣ ಪ್ರಾಯದವನಾ?”

ಎಂಟು ವರ್ಷದಲ್ಲಿ ಯಾರೂ ಹೀಗೆ ಕೈ ಹಿಡಿದಿರಲಿಲ್ಲ. ಸತ್ತನೆಂದು ಹೇಳಲಾಗದವನಿಗಾಗಿ ಸಮಾಧಾನ ಹೇಳುವುದು ಹೇಗೆಂದು ಊರವರಿಗೆ ಗೊತ್ತಿರಲಿಲ್ಲ. ಕಮಲಾವತಿ ಅತ್ತಳು. ಆಮೇಲೆ ದಿನವೂ ಅಣ್ಣನ ಹೆಸರಿನಲ್ಲಿ ಗಂಡನ ಕಥೆ ಹೇಳಿದಳು. ಬೀಡಿಯನ್ನು ತಾಯಿಗೆ ಕಾಣದಂತೆ ಅಂಗೈಯೊಳಗೆ ಮುಚ್ಚಿಡುತ್ತಿದ್ದುದು, ಬಿಸಿ ಗಂಜಿಗೆ ಊದುತ್ತ ಊದುತ್ತ ನಿದ್ದೆ ಹೋಗುತ್ತಿದ್ದುದು, ಸಿಟ್ಟು ಬಂದರೆ ಮಾತಾಡದೆ ಕಟ್ಟಿಗೆ ಒಡೆಯುತ್ತಿದ್ದುದು. ಒಮ್ಮೆ ಊರ್ಮಿಳಾ, “ಅತ್ತಿಗೆ ಪಾಪ, ಹೇಗಿದ್ದಾಳೆ?” ಎಂದು ಕೇಳಿದಳು.

“ಇದ್ದಾಳೆ,” ಎಂದಳು ಕಮಲಾವತಿ.

ಶಿಬಿರ ಮುಗಿಯುವಾಗ ಹೊದಿಕೆಯೂ ಮುಗಿಯಿತು. ಸುಳ್ಯದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ಅವಳಿಗೆ ಭಯವಾಗತೊಡಗಿತು. ತಾನು ಒಬ್ಬ ಮನುಷ್ಯನನ್ನು ಸಾಯಿಸಿ ಬರುತ್ತಿದ್ದೇನೆ ಎಂದು ಅನ್ನಿಸಿತು. ಆದರೂ ಮನೆಗೆ ಬಂದು ಅಡಗಿಸಿಡಲಿಲ್ಲ. ಅತ್ತೆಯ ಮುಂದೆಯೇ ಬಿಡಿಸಿ ಹಾಸಿದಳು.

ಪೂವಕ್ಕ ಕಣ್ಣಿಗಿಂತ ಹೆಚ್ಚಾಗಿ ಬೆರಳಲ್ಲೇ ನೋಡುವವರು. ಮುಂಡಿನ ಅಂಚಿನ ಕರೆಯ ಮೇಲೆ ಬೆರಳು ಓಡಿತು, ಗುಂಡಿ ಕಾಜದ ಮೇಲೆ ನಿಂತಿತು. ಬೈಯಲಿಲ್ಲ. ಮರುದಿನ ಬೆಳಿಗ್ಗೆ ಕಮಲಾವತಿ ನೀರು ಹೊತ್ತು ಬರುವಾಗ ಅವರು ಜಗಲಿಯಲ್ಲಿ ಕೂತು ಬ್ಲೇಡಿನ ತುಂಡಿನಿಂದ ಹೊದಿಕೆಯ ಹೊಲಿಗೆ ಬಿಚ್ಚುತ್ತಿದ್ದರು.

“ಅತ್ತೆ, ಎಂತ ಮಾಡುದು ನೀವು?”

“ಬಂದರೆ ಅವನಿಗೆ ಉಡ್ಲಿಕ್ಕೆ ಬೇಡ್ವಾ?”

“ಒಂದು ಜೊತೆ ಇಟ್ಟಿದ್ದೇನೆ.”

ಪೂವಕ್ಕ ತಲೆಯೆತ್ತಿದರು. “ಒಂದೇ ಜೊತೆಯಾ? ಬಂದು ಮರುದಿನವೇ ಹೋಗ್ಲಿಕ್ಕೆ ಅವನೆಂತ ನೆಂಟನಾ?”

ಕಮಲಾವತಿ ಕೊಡ ಒಳಗಿಟ್ಟಳು. ಅತ್ತೆಯನ್ನು ತಡೆಯಲಿಲ್ಲ. ಬೇಸಿಗೆ ಕಳೆದು ಮಳೆ ಹಿಡಿದರೂ ಪೂವಕ್ಕನ ಕೆಲಸ ನಿಲ್ಲಲಿಲ್ಲ. ಬೆರಳು ಕೊಯ್ದುಕೊಂಡು ರಕ್ತ ಬಟ್ಟೆಗೆ ಹತ್ತಿದಾಗ ಕಮಲಾವತಿಯೇ ಅದನ್ನು ತೊಳೆದು ತಂದು ಎದುರಿಗಿಡುತ್ತಿದ್ದಳು. ಜಡಿಮಳೆಯ ಆಟಿ ತಿಂಗಳಲ್ಲಿ ಕೊನೆಯ ನೂಲು ಬಿಚ್ಚಿ ಬಂತು. ಜಗಲಿಯ ತುಂಬ ತುಂಡುಗಳು. ಮುದುಕಿ ಅವನ್ನು ಒಂದಕ್ಕೊಂದು ಹಚ್ಚಿ ನೋಡಿ, ಯಾವುದಕ್ಕೆ ಯಾವುದು ಸೇರುತ್ತದೆಂದು ತಿಳಿಯದೆ, ಸಣ್ಣ ಮಗುವಿನಂತೆ ಬಾಯಿ ತೆರೆದು ಅಳತೊಡಗಿದರು.

“ಅಂಗಿ ಮಾಡಿ ಕೊಡು ಮಗಾ. ನಿನಗೆ ಬರ್ತದಲ್ಲ.”

ಕತ್ತರಿ ಹಾಕಿದವಳು ತಾನೇ ಎಂದು ಕಮಲಾವತಿ ಕೂತಳು. ತೋಳು ಒಂದು ನೀಲಿ, ಒಂದು ಬಿಳಿ. ಬೆನ್ನಿಗೆ ಲುಂಗಿಯ ಚೌಕುಳಿ. ಯಾವ ಗಂಡಸಿನ ಮೈಗೂ ಹೊಂದದ, ಸಂತೆಯಲ್ಲಿ ಹುಚ್ಚನೂ ತೊಡದಂಥ ಅಂಗಿ ಅದು. ಪೂವಕ್ಕ ಅದರ ಕಾಲರನ್ನು ತಡವಿ, “ಹಾಂ, ಆಯ್ತು,” ಎಂದು ಮಡಚಿ ತಲೆಯ ಕೆಳಗಿಟ್ಟುಕೊಂಡರು. ಆ ಮೇಲೆ ಬಟ್ಟೆ ಒಗೆಯಲು ಯಾವತ್ತೂ ಹೇಳಲಿಲ್ಲ. ಮಗನ ಹೆಸರನ್ನೂ ಅಪರೂಪಕ್ಕೆ ಎತ್ತಿದರು. ಎರಡು ವರ್ಷದ ನಂತರ ಜ್ವರ ಬಂದು ತೀರಿಕೊಂಡಾಗ ಕಮಲಾವತಿ ಆ ಅಂಗಿಯನ್ನು ಅವರ ಜೊತೆಗೇ ಚಿತೆಗೆ ಕಳಿಸಿದಳು.

ಕುಶಾಲಪ್ಪ ಕಾಣೆಯಾಗಿ ಹನ್ನೆರಡು ವರ್ಷ ತುಂಬಿದಾಗ ಅಚ್ಚುತ ಬಂದ. “ಇನ್ನು ಕಾಯುದರಲ್ಲಿ ಅರ್ಥ ಇಲ್ಲ ಕಮಲ. ಉತ್ತರಕ್ರಿಯೆ ಮಾಡಿ ಮುಗಿಸುವ. ಇಲ್ಲದಿದ್ರೆ ಅವನಿಗೂ ಗತಿ ಇಲ್ಲ, ನಿನಗೂ ಇಲ್ಲ.”

ಅವಳು ಒಪ್ಪಿದಳು. ದರ್ಭೆಯಿಂದ ಆಳಿನ ರೂಪ ಕಟ್ಟಿ, ಪೆಟ್ಟಿಗೆಯಲ್ಲಿ ಉಳಿದಿದ್ದ ಬಟ್ಟೆ ಹೊದಿಸಿ ಸುಟ್ಟರು. ಬಂಧುಗಳ ಹೆಂಗಸರು ಬರುವ ಮೊದಲೇ, ಹಿಂದಿನ ಸಂಜೆ, ಅವಳು ಕರಿಮಣಿಯನ್ನು ತಾನಾಗಿಯೇ ತೆಗೆದಿಟ್ಟಿದ್ದಳು. ಇನ್ನೊಬ್ಬರ ಕೈ ಕತ್ತಿಗೆ ಬರುವುದು ಅವಳಿಗೆ ಬೇಡವಾಗಿತ್ತು. ಅಳು ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ. ಅಳುವಷ್ಟನ್ನೂ ಪುತ್ತೂರಿನ ಶಾಲೆಯ ನೆಲದ ಮೇಲೆ, ಗುರುತಿಲ್ಲದ ಹೆಂಗಸಿನ ಕೈ ಹಿಡಿದು ಅತ್ತಾಗಿತ್ತು. ಅದನ್ನು ಯಾರಿಗೆ ಹೇಳುವುದು? ಗಟ್ಟಿ ಮನಸ್ಸಿನವಳು ಎಂದರು ಕೆಲವರು. ಕಲ್ಲು ಎಂದರು ಉಳಿದವರು.

ವರ್ಷಾಬ್ದಿಕಕ್ಕೆ ಯಾವ ದಿನ ಹಿಡಿಯುವುದೆಂದು ಮಾತು ಬಂದಾಗ ಲಾರಿಯಿಂದ ಇಳಿದ ದಿನವೇ ಇರಲಿ ಎಂದು ಅಚ್ಚುತ ತೀರ್ಮಾನಿಸಿದ. ಒಂಟಿ ಹೆಂಗಸು ಪ್ರತ್ಯೇಕ ಇರುವುದು ಸರಿಯಲ್ಲವೆಂದು ಅವಳನ್ನು ತನ್ನ ಮನೆಗೆ ಕರಕೊಂಡು ಹೋದ. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಅವಳ ಚಾಪೆ ಬಿತ್ತು. ಮರುವರ್ಷ ಸುಳ್ಯದಲ್ಲಿ ಶಿಬಿರವಾದಾಗ ಲೋಲಾಕ್ಷಿ ಟೀಚರ್ ಹುಡುಕಿಕೊಂಡು ಬಂದರು. ಈ ಸಲ ಕಲಿಸಲಿಕ್ಕೇ ಬನ್ನಿ ಎಂದು ಕೈ ಹಿಡಿದು ಕರೆದರು. ಅತ್ತೆಗೆ ಆ ಅಂಗಿ ಹೊಲಿದುಕೊಟ್ಟ ಮೇಲೆ ಸೂಜಿ ಹಿಡಿಯದ ಕಮಲಾವತಿ, ಮನೆಯಲ್ಲಿ ಕೆಲಸ ಉಂಟು ಟೀಚರ್ ಎಂದು ತೆಂಗಿನಕಾಯಿ ತುರಿಯಲು ಕೂತಳು. ಟೀಚರ್ ಕೊಡೆ ಬಿಡಿಸಿಕೊಂಡು ಅಂಗಳ ದಾಟಿದರು.