ನಡುವೆ ಕರೆಂಟು ಹೋದ ಸಿನಿಮಾ

ಒಣಶುಂಠಿ ಕುಟ್ಟಿ ಹಾಕಿದ ಬೆಲ್ಲದ ಕಾಫಿ. ಹೋದ ಭಾನುವಾರ ಮೈಸೂರಿನಲ್ಲಿ ಗೆಳತಿಯ ಮನೆ ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟೆ. ಅದು ಚಿನಕುರಳಿಯಲ್ಲಿ ನಮ್ಮ ಹಿತ್ತಿಲ ಆಚೆ ಬಾಡಿಗೆಗಿದ್ದ ಅಕ್ಕನ ಕಾಫಿ. ಅವಳ ಗಂಡ ಕಲ್ಲುಕ್ವಾರಿಯ ಕೆಲಸಕ್ಕೆ ತಮಿಳುನಾಡಿನಿಂದ ಬಂದವನು. ಅಕ್ಕ ಒಂದು ನೀಲಿ ಟ್ರಂಕು ಹಿಡಿದು ಅವನ ಹಿಂದೆ ಬಂದಳು. ಎರಡೇ ವರ್ಷಕ್ಕೆ ನಮಗಿಂತ ಜೋರಾಗಿ ನಮ್ಮ ಕನ್ನಡ ಮಾತಾಡತೊಡಗಿದಳು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಫಸ್ಟ್ ಕ್ಲಾಸು. ಪಾಂಡವಪುರದ ಕಾಲೇಜಿಗೆ ಸೇರುತ್ತೇನೆಂದು ನಾನು, ಓದಿದ್ದು ಸಾಕೆಂದು ಅಪ್ಪ. ಕೆ.ಆರ್. ಪೇಟೆ ಕಡೆಯ ಒಂದು ಗಂಡು ಗೊತ್ತಾಗುವುದರಲ್ಲಿತ್ತು. ಅತ್ತು ಮುಖ ಊದಿಸಿಕೊಂಡು ನಾನು ಅಕ್ಕನ ಮನೆಯಲ್ಲೇ ಬಿದ್ದಿರುತ್ತಿದ್ದೆ.

ಆ ವಾರ ಅಕ್ಕ ನಮ್ಮ ಜಗಲಿಗೆ ಬಂದಳು. "ಅಣ್ಣಾ, ಭಾನ್ವಾರ ಮಧ್ಯಾನ ಟೀವೀಲಿ ನಮ್ಮ ತಮಿಳು ಪಿಚ್ಚರ್ ಐತೆ. ನೀವು ನೋಡ್ಲೇಬೇಕು."

"ನಿಮ್ಮ ಭಾಷೆ ನಂಗೆಲ್ಲವ್ವ ಅರ್ಥಾಯ್ತದೆ?" ಅಂದ ಅಪ್ಪ.

"ಒಂದು ಎಣ್ಮಗು ದೊಡ್ಡವಳಾಗೋ ಕತೆ ಕಣಣ್ಣ, ಮಾತೇ ಕಮ್ಮಿ. ನಮ್ಮೂರ ಟೆಂಟಲ್ಲಿ ಎರಡು ಸಲ ನೋಡಿವ್ನಿ. ತಿಳೀದಿದ್ರೆ ನಾ ಏಳ್ತೀನಿ."

ಭಾನುವಾರ ಕಾಫಿಯ ಚೊಂಬು ಹಿಡಿದೇ ಬಂದು ನಮ್ಮ ಟೀವಿ ಮುಂದೆ ಕೂತಳು. ಪರದೆಯ ಕೆಳಗೆ ಓಡುತ್ತಿದ್ದ ಇಂಗ್ಲಿಷು ನನ್ನ ಕೈಗೆ ಸಿಗುತ್ತಿರಲಿಲ್ಲ. ಹುಡುಗಿ ಹುಣಸೆಮರ ಹತ್ತುತ್ತಾಳೆ, ಜೋರಾಗಿ ಪಾಠ ಓದುತ್ತಾಳೆ, ಮೈನೆರೆಯುತ್ತಾಳೆ. ಅವಳ ಪುಸ್ತಕಗಳು ಅಟ್ಟಕ್ಕೇರುತ್ತವೆ… ಅಪ್ಪ ಬೀಡಿ ಹಚ್ಚುವುದನ್ನೂ ಮರೆತಿದ್ದ. ಹುಡುಗಿಯ ಮನೆಗೆ ಯಾರೋ ನೆಂಟರು ಬಂದು ಕೂರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಬಂದಾಗ ಅರ್ಧ ಗಂಟೆ ಕಳೆದಿತ್ತು. ಹುಡುಗಿ ಟ್ರಂಕಿನ ಪಕ್ಕ ಎತ್ತಿನ ಗಾಡಿಯಲ್ಲಿ ಕೂತಿದ್ದಳು. ಅವಳ ಅಪ್ಪ ಮರದ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಎಲ್ಲಿಗೋಯ್ತಾವ್ಳೆ?" ಅಪ್ಪ ಅಕ್ಕನ ಕಡೆ ತಿರುಗಿದ.

ಅಕ್ಕ ನನ್ನ ಮುಖ ನೋಡಿದಳು. "ಓದೋಕೆ ಅಣ್ಣಾ, ಪ್ಯಾಟೆ ಆಸ್ಟೆಲಿಗೆ. ಅವ್ಳಪ್ಪನೇ ಕಳಿಸ್ತಾವ್ನೆ."

"ಸೀರೆ ಉಟ್ಟವ್ಳಲ್ಲ?"

"ದೊಡ್ಡವಳಾದ್ಲಲ್ಲಾ, ಇನ್ನೇನು ಲಂಗ ಆಕ್ತಾಳಾ?"

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ಹೋದ. ಬುಧವಾರ ನನ್ನನ್ನು ಪಾಂಡವಪುರದ ಬಸ್ಸು ಹತ್ತಿಸಿ, ತಾನೂ ಬಂದು ಕಾಲೇಜಿಗೆ ಸೇರಿಸಿದ.

ಮರುವರ್ಷ ಕ್ವಾರಿಯ ಕೆಲಸ ಮುಗಿದು ಅಕ್ಕನ ಸಂಸಾರ ಲಾರಿ ಹತ್ತಿತು. ಆ ದಿನ ನನಗೆ ಪರೀಕ್ಷೆ. ಸಂಜೆ ಓಡಿ ಬಂದರೆ ಮನೆಗೆ ಬೀಗ… ವಿಳಾಸ ಕೇಳಿಟ್ಟುಕೊಳ್ಳುವ ಬುದ್ಧಿ ನಮಗ್ಯಾರಿಗೂ ಇರಲಿಲ್ಲ.

ಹೋದ ಭಾನುವಾರ ಇದನ್ನೆಲ್ಲ ಹೇಳಿದಾಗ, ತಮಿಳು ಬಲ್ಲ ಆ ಗೆಳತಿ ಹುಣಸೆಮರದ ಗುರುತಿನಿಂದಲೇ ಚಿತ್ರವನ್ನು ಹುಡುಕಿ ಹಾಕಿದಳು. ಈ ಸಲ ಕರೆಂಟು ಹೋಗಲಿಲ್ಲ. ಇಂಗ್ಲಿಷೂ ಕೈಗೆ ಸಿಕ್ಕಿತು. ಬಂದ ನೆಂಟರು ಹೆಣ್ಣು ನೋಡಲು ಬಂದವರು. ಅವಸರದಲ್ಲಿ ತಾಳಿ ಕಟ್ಟಿಸಿದರು. ಗಾಡಿ ಹೊರಟಿದ್ದು ಗಂಡನ ಮನೆಗೆ. ಟ್ರಂಕು ಕಂಡಾಗ ಅಕ್ಕನ ನೀಲಿ ಟ್ರಂಕು ನೆನಪಾಗಿ ಅಳು ತಡೆಯಲಾಗಲಿಲ್ಲ. ಅಪ್ಪನಂತೂ ಸಾಯುವವರೆಗೂ ಆ ಹುಡುಗಿ ಓದಿ ಟೀಚರಾದಳೆಂದೇ ನಂಬಿದ್ದ.

ಆ ಚಿತ್ರ ನೋಡಬಹುದೇ ಎಂದು ಯಾರಾದರೂ ಕೇಳಿದರೆ, ಭಾಷೆ ಬರದಿದ್ದರೂ ನೋಡಿ ಅನ್ನುತ್ತೇನೆ. ನಾನು ಅಂದು ಕಂಡ ಚಿತ್ರ ಮಾತ್ರ ಅವರಿಗೆ ಸಿಗುವುದಿಲ್ಲ. ಅದನ್ನು ಹೇಳಿದವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ… ಒಂದೇ ಒಂದು ಸಲ ಎದುರು ಸಿಕ್ಕರೆ ಕೈ ಹಿಡಿದು ಹೇಳಬೇಕು: ಅಕ್ಕಾ, ಗಾಡಿ ಓದೋಕೇ ಓಯ್ತು ಕಣಕ್ಕ.