ಏಳನೆಯ ಕಂತು

ನನ್ನ ತಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಅಂಚು ಉಜ್ಜುವುದು, ಫ್ರೇಮಿಗೆ ಹೊಂದಿಸುವುದು, ಬೆಳಕಿಗೆ ಹಿಡಿದು ನೋಡುವುದು. ಅಂಥವನಿಗೆ ಕಟ್ಟುಕಥೆ ಎಂದರೆ ಆಗಿಬರುತ್ತಿರಲಿಲ್ಲ. "ತಲೆಗೆ ಗಾಜಿನ ಬುರುಡೆ ಕವುಚಿಕೊಂಡು ಆಕಾಶದಲ್ಲಿ ಅಲೆಯೋರ ಕಥೆ ನನಗ್ಯಾಕೆ? ನನ್ನ ಗಾಜು ನನಗೆ ಸಾಕು" ಅನ್ನುತ್ತಿದ್ದ. ಈಗ ದಿನಾ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಎರಡೂವರೆ ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಥದೇ ಒಂದು ಕಥೆಯನ್ನು ಟೀವಿಯಲ್ಲಿ ಕಂತುಕಂತಾಗಿ ನೋಡುತ್ತಾನೆ.

ನೋಡುತ್ತಾನೆ ಎನ್ನುವುದು ದೊಡ್ಡ ಮಾತಾಯಿತು. ಮಗು ಬಿಟ್ಟರೆ ತಾನೇ! ವ್ಯೋಮನೌಕೆ ನೆಲ ಬಿಡುವ ಹೊತ್ತಿಗೆ ಅವಳಿಗೆ ನೀರು ಬೇಕು. ಶತ್ರುಗಳು ಬರುವ ಹೊತ್ತಿಗೆ ಚಡ್ಡಿ ಒದ್ದೆ. ಉಳಿದ ಹೊತ್ತೆಲ್ಲ ಅಪ್ಪನ ಮೂಗೊಳಗೆ ಬೆರಳು. ಆರು ಕಂತನ್ನು ಎಷ್ಟು ಸಲ ಹಾಕಿದ್ದಾನೋ, ಆ ನೌಕೆ ಯಾಕೆ ಹೊರಟಿತು, ಎಲ್ಲಿಗೆ ಹೊರಟಿತು ಎಂದು ಕೇಳಿದರೆ ಇವತ್ತಿಗೂ ಅವನಿಗೆ ತಿಳಿಯದು. ಅವನಿಗೆ ಬೇಕಾದದ್ದು ಕಥೆಯಲ್ಲ. ನೌಕೆ ನಡೆಸುವ ಹೆಂಗಸಿಗೆ ಕನ್ನಡದಲ್ಲಿ ಧ್ವನಿ ಕೊಟ್ಟವಳು ಅವನ ಹೆಂಡತಿ.

ಅವಳನ್ನು ಡಬ್ಬಿಂಗ್ ಕೆಲಸಕ್ಕೆ ಕರೆತಂದವಳು ನಾನೇ. ನನ್ನದು ಒಡಕು ಗಂಟಲು. ಅಜ್ಜಿಯರು, ಮಾಟಗಾತಿಯರು, ಜಗಳಗಂಟಿ ಅತ್ತೆಯರೇ ನನ್ನ ಪಾಲಿಗೆ. ಅವಳದು ತುಂಬುದನಿ, ಸಾಲದ್ದಕ್ಕೆ ಹಟ. ಮೊದಲ ಕಂತಿನಲ್ಲಿ ಆ ಹೆಂಗಸು ನೌಕೆಯ ಬಾಗಿಲಲ್ಲಿ ನಿಂತು ಮನೆಯವರಿಗೆ ಒಂದು ಮಾತು ಹೇಳಬೇಕು. ಹಾಳೆಯಲ್ಲಿ 'ಹೋಗುತ್ತೇನೆ' ಎಂದು ಬರೆದಿತ್ತು. ಇವಳು ಒಪ್ಪಲಿಲ್ಲ.

"ಆಯಮ್ಮನ ತುಟಿ ನೋಡಿ ಸರ್, ಮುಚ್ಚಿ ತೆರೆಯುತ್ತೆ. 'ಹೋ' ಅಂದ್ರೆ ತುಟಿ ಕೂಡಲ್ಲ. 'ಬರ್ತೀನಿ' ಅಂತೀನಿ, ಸರಿಯಾಗಿ ಕೂರುತ್ತೆ. ಅಲ್ಲದೆ ಮನೆಯಿಂದ ಹೊರಡೋರು ಯಾರಾದ್ರೂ ಹೋಗ್ತೀನಿ ಅಂತಾರಾ?"

ನಿರ್ದೇಶಕರು ನಕ್ಕು ಒಪ್ಪಿಕೊಂಡರು.

ಆರು ಕಂತು ಮುಗಿದಿದ್ದವು. ಒಂದು ಬೆಳಿಗ್ಗೆ ತಲೆನೋವು ಎಂದು ಕೂತವಳು ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಎರಡೇ ದಿನ. ಮಗುವಿಗೆ ಆಗ ಒಂದೂವರೆ ವರ್ಷ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ಉಳಿದ ಎರಡು ಕಂತಿಗೆ ಸ್ಟುಡಿಯೋದವರು ನನ್ನನ್ನು ಕರೆದರು. ತಮ್ಮನನ್ನು ಕೇಳಿದೆ. "ಬೇರೆ ಯಾರೋ ಮಾಡೋದಕ್ಕಿಂತ ನೀನೇ ಮಾಡಕ್ಕ" ಅಂದ. ಮಾಡಿದೆ. ಅವಳ ಹಾಗೆ ಮಾತಾಡಲು ಹೋಗಲಿಲ್ಲ, ನನ್ನ ಗಂಟಲಿಗೆ ಅದು ಆಗುವ ಕೆಲಸವೂ ಅಲ್ಲ. ಆ ಎರಡನ್ನು ಅವನು ಮನೆಯಲ್ಲಿ ಹಾಕಲೇ ಇಲ್ಲ.

ಕಂತುಗಳು ಬಿಡುಗಡೆಯಾದಾಗ ಅವಳು ಹೋಗಿ ಮೂರು ತಿಂಗಳಾಗಿತ್ತು. 'ಬರ್ತೀನಿ' ಎಂಬ ಮಾತು ಕೇಳಿದ್ದೇ ಮಗು "ಅಮ್ಮ" ಎಂದು ಟೀವಿ ಮುಟ್ಟಿ, ಓಡಿಹೋಗಿ ಬೀದಿಬಾಗಿಲ ಹತ್ತಿರ ಕೂತಿತು. ಬರ್ತೀನಿ ಅಂದಮೇಲೆ ಬರಬೇಕಲ್ಲ! ಹೊರಡುವವರೆಲ್ಲ ಆಡುವ ಮಾತನ್ನು ಅದು ಇದ್ದ ಹಾಗೇ ನಂಬಿತ್ತು. ಅರ್ಧ ಗಂಟೆ ಚಪ್ಪಲಿಗಳ ನಡುವೆ ಕೂತಿದ್ದ ಮಗುವನ್ನು ನೋಡಲಾರದೆ ನಾನೇ ಎತ್ತಿಕೊಂಡು ಬಂದೆ. ತಮ್ಮನ ಮುಖ ಮಾತ್ರ ಅರಳಿತ್ತು.

"ನೋಡಿದೆಯಾ ಅಕ್ಕ, ಧ್ವನಿ ಗುರುತು ಹಿಡಿದ್ಲು. ಇಷ್ಟು ಚಿಕ್ಕೋಳಿಗೆ ಮುಖ ಎಲ್ಲಿ ನೆನಪಿರುತ್ತೆ? ಧ್ವನಿಯಾದ್ರೂ ಉಳೀಲಿ. ಅದೊಂದು ಉಳಿದ್ರೆ ಸಾಕು ನನಗೆ."

ಅದಕ್ಕೇ ದಿನಾ ಸಂಜೆ ಆ ಆರು ಕಂತುಗಳಲ್ಲಿ ಒಂದು. ಏಳನೆಯದು ಬಂದರೆ ಮಗು ಅಮ್ಮನ ದನಿ ಹುಡುಕಿ ಅಳುತ್ತದೆ ಎಂಬ ಭಯ ಅವನಿಗೆ. ಆರನೆಯದು ಮುಗಿಯುವ ಮುಂಚೆಯೇ ರಿಮೋಟು ಹಿಡಿದು ಕಾದಿರುತ್ತಿದ್ದ.

ಕಳೆದ ಭಾನುವಾರ ಮಧ್ಯಾಹ್ನ ನಾನೂ ಅಲ್ಲಿದ್ದೆ. ಅವನು ಒಗೆದ ಬಟ್ಟೆ ಮಡಚುತ್ತಿದ್ದ. ರಿಮೋಟು ಹೇಗೋ ಮಗುವಿನ ಕೈಗೆ ಸಿಕ್ಕಿತ್ತು. ಯಾವ ಗುಂಡಿ ಒತ್ತಿದಳೋ, ಏಳನೆಯ ಕಂತು ಶುರುವಾಗಿಬಿಟ್ಟಿತು. ಕೈಯಲ್ಲಿದ್ದ ಬಟ್ಟೆ ಬಿಸಾಕಿ ತಮ್ಮ ಎದ್ದ. ಅಷ್ಟರಲ್ಲಿ ಆ ಹೆಂಗಸು ಬಾಯಿ ತೆರೆದಳು. ನನ್ನ ಒಡಕು ದನಿ ಕೋಣೆಯ ತುಂಬ ಕೇಳಿಸಿತು. ನನ್ನ ಧ್ವನಿಗೆ ನಾನೇ ಅಷ್ಟು ನಾಚಿದ್ದು ಅದೇ ಮೊದಲು.

ಮಗು ಅಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಲೂ ಇಲ್ಲ. ರಿಮೋಟು ಕೆಳಗೆ ಬಿಟ್ಟು, ಟೀವಿಯ ಹತ್ತಿರ ಹೋಗಿ, ಆ ಹೆಂಗಸಿನ ಕೆನ್ನೆಯ ಮೇಲೆ ಅಂಗೈ ಇಟ್ಟು "ಅಮ್ಮ" ಅಂದಿತು.

ತಮ್ಮ ರಿಮೋಟು ಎತ್ತಿಕೊಂಡ. ಆದರೆ ಟೀವಿ ಆರಿಸಲಿಲ್ಲ. ಮೊದಲ ದಿನ ಮಗಳು ಧ್ವನಿಯನ್ನೇ ಗುರುತಿಸಿದ್ದಳೋ ಏನೋ. ಈಗ ಅವಳಿಗೆ ಅಮ್ಮ ಎಂದರೆ ಆ ನಟಿಯ ಮುಖ. ಅದನ್ನು ಕಲಿಸಿದವನು ಅವನೇ, ದಿನಾ ಸಂಜೆ, ತೊಡೆಯ ಮೇಲೆ ಕೂರಿಸಿಕೊಂಡು.

"ಇನ್ನೂ ಚಿಕ್ಕೋಳು ಕಣೋ" ಅಂದೆ.

ಅವನು ನೆಲಕ್ಕೆ ಕೂತುಬಿಟ್ಟ.

"ಇಷ್ಟು ದಿನ ಅಳ್ತಾಳೆ ಅಂತ ಹೆದರ್ಕೊಂಡಿದ್ದೆ ಅಕ್ಕ. ಒಂದೇ ಒಂದು ಸಲ ಅತ್ತುಬಿಟ್ಟಿದ್ರೆ ಸಾಕಾಗಿತ್ತು" ಅಂದ.